ಬಾಣಂತಿ ಕೋಣೆಯ ಬೆಚ್ಚನೆ ಗೋಡೆ

ಶಹಾಬಾದಿನ ಕಲ್ಲಿನ ಮನೆ ಬೇಸಿಗೆಯಲ್ಲಿ ತಾಯಿ, ಚಳಿಗಾಲದಲ್ಲಿ ಮಲತಾಯಿ. ನಾನು ಮದುವೆಯಾಗಿ ಬಂದ ಮನೆಯಲ್ಲಿ ನೆಲಕ್ಕೆ ಪರಸಿ, ಗೋಡೆಗೆ ಪರಸಿ, ಮಾಳಿಗೆಗೆ ಹೊದಿಸಿದ್ದೂ ಪರಸಿ. ದನದ ಗೋದಲಿ, ಬಟ್ಟೆ ಒಗೆಯುವ ಕಟ್ಟೆ, ನೀರಿನ ಕೊಡ ಇಡುವ ಜಾಗ, ಎಲ್ಲ ಅದೇ ಬೂದುಬಣ್ಣದ ಚಪ್ಪಡಿ. ಮಾವನವರು ಕಲ್ಲಿನ ಖಣಿಯಲ್ಲಿ ಮೇಸ್ತ್ರಿ. ಬೆರಳ ಗೆಣ್ಣಿನಿಂದ ಚಪ್ಪಡಿಯನ್ನು ಬಡಿದು ದನಿ ಕೇಳಿಯೇ ಒಳಗೆ ಬಿರುಕಿದೆಯೋ ಇಲ್ಲವೋ ಹೇಳುವರು. ಮನೆಗೆ ಯಾರೇ ಬರಲಿ, ಕೂತುಕೊಳ್ಳುವ ಮೊದಲು ನೆಲ ನೋಡಿ ಒಂದು ಮಾತು ಆಡಲೇಬೇಕು. ಆಡದಿದ್ದರೆ ಅವರೇ ಆಡಿಸುತ್ತಿದ್ದರು.

ನಾನು ಚಿಂಚೋಳಿ ಕಡೆಯ ಐನಾಪುರದವಳು, ಮಣ್ಣಿನ ಮನೆಯಲ್ಲಿ ಹುಟ್ಟಿ ಬೆಳೆದವಳು. ನಮ್ಮಲ್ಲಿ ಅಡುಗೆ ಒಲೆಯ ಬೆನ್ನಿಗೆ ಒಂದು ದಪ್ಪನೆಯ ಮಣ್ಣಿನ ಗೋಡೆ, ಅದರ ಆಚೆ ಮಲಗುವ ಕೋಣೆ. ಚಳಿಯ ದಿನಗಳಲ್ಲಿ ನಾವು ಮಕ್ಕಳೆಲ್ಲ ಆ ಗೋಡೆಗೆ ಬೆನ್ನು ಹಚ್ಚಿ ಮಲಗಲು ಜಗಳಾಡುತ್ತಿದ್ದೆವು. ಶಹಾಬಾದಿಗೆ ಬಂದ ಮೊದಲ ಮಾರ್ಗಶಿರದಲ್ಲಿ ಬೆಳಿಗ್ಗೆ ಎದ್ದು ಪರಸಿಯ ಮೇಲೆ ಕಾಲಿಟ್ಟಾಗ ನನಗೆ ಅಮ್ಮನಿಗಿಂತ ಮೊದಲು ಆ ಗೋಡೆ ನೆನಪಾಯಿತು.

ಆಗ ನಮ್ಮದು ಹೈದರಾಬಾದ್ ರಾಜ್ಯ. ನಿಜಾಮರ ಆಳ್ವಿಕೆ ಹೋಗಿ ಕೆಲವು ವರ್ಷವಾಗಿತ್ತು, ಕಚೇರಿಯ ಕಾಗದಗಳಲ್ಲಿ ಮಾತ್ರ ಉರ್ದು ಇನ್ನೂ ಹೋಗಿರಲಿಲ್ಲ. ನಮ್ಮ ಅತ್ತೆಯವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಮಾವನವರು, ವಾಡಿ ಸ್ಟೇಷನ್ನಿಗೆ ದಿನಾ ರೈಲುಗಾಡಿಯಲ್ಲಿ ಕೆಲಸಕ್ಕೆ ಹೋಗಿ ಬರುವ ನಮ್ಮವರು, ನಾನು. ಚಿತ್ತಾಪುರಕ್ಕೆ ಕೊಟ್ಟಿದ್ದ ನಾದಿನಿ ಚೊಚ್ಚಲ ಬಸುರಿಯಾಗಿ, ಸೀಮಂತದ ಕುಬಸ ಮುಗಿಸಿಕೊಂಡು, ದೀಪಾವಳಿಗೆ ನಮ್ಮಲ್ಲಿಗೆ ಬಂದಳು. ಪುಷ್ಯ ಮುಗಿಯುವಷ್ಟರಲ್ಲಿ ಹೆರಿಗೆ ಎಂಬ ಲೆಕ್ಕ.

ಮೊದಲ ಹೆರಿಗೆ ತವರಿನಲ್ಲಿ ಆಗಬೇಕು ಎಂಬುದು ಎಲ್ಲ ಕಡೆಯ ಪದ್ಧತಿ. ಆದರೆ ತಾಯಿ ಇಲ್ಲದ ತವರು ತವರೇ? ನಾದಿನಿಯ ಅತ್ತೆ, ಅಂದರೆ ನಮ್ಮ ಬೀಗತಿ, ಸೊಸೆಯನ್ನು ಬಿಟ್ಟುಹೋಗಲು ಬಂದ ದಿನವೇ ಬಾಗಿಲಲ್ಲಿ ನಿಂತು ಕಾಲು ಮೇಲೆತ್ತಿ ಹೇಳಿದ್ದರು: "ಬೀಗರ, ಈಗೇ ನೆಲ ಇಷ್ಟು ಥಂಡಿ ಅದ. ಪುಷ್ಯದಾಗ ಹಸಿ ಬಾಣಂತಿ ಇದರ ಮ್ಯಾಲ ಹ್ಯಾಂಗ ಇರಬೇಕು? ನಮ್ಮ ಮನ್ಯಾಗ ಹೆಂಗಸರಿದ್ದೀವಿ. ವಿಚಾರ ಮಾಡ್ರಿ."

ಅವರು ಹೋದ ಮೇಲೆ ನಾದಿನಿ ಅಡುಗೆಮನೆಗೆ ಬಂದು ನನ್ನ ಸೆರಗು ಹಿಡಿದಳು. "ವೈನಿ, ನನ್ನ ಕಳಸಬ್ಯಾಡ್ರಿ. ಅಲ್ಲಿ ಎಲ್ಲಾರೂ ಛಲೋನೇ ಇದ್ದಾರ. ಆದ್ರ ಅವ್ವ ನನ್ನ ಹಡದ ಖೋಲಿ ಇಲ್ಲೇ ಅದ." ಕಳಿಸುವುದಿಲ್ಲ ಎಂದು ನಾನು ಅವಳಿಗೆ ಮಾತು ಕೊಟ್ಟೆ. ಕೊಟ್ಟ ಮೇಲೆ ದಾರಿ ಹುಡುಕತೊಡಗಿದೆ.

ಬಾಣಂತಿಗೆ ಎರಡು ಬಿಸಿ ಬೇಕು. ಒಂದು, ಮೈ ಕೆಂಪಾಗುವಂತೆ ಎರೆಯಲು ಹಂಡೆಗಟ್ಟಲೆ ಸುಡುನೀರು. ಇನ್ನೊಂದು, ಎರೆದ ಮೇಲೆ ಮಲಗಲು ಬೆಚ್ಚನೆಯ ಕೋಣೆ. ನಮ್ಮಲ್ಲಿದ್ದದ್ದು ಅತ್ತೆಯವರು ಮುಧೋಳದ ತವರಿನಿಂದ ಮದುವೆಯಲ್ಲಿ ತಂದಿದ್ದ ತಾಮ್ರದ ಹಂಡೆ, ಅದನ್ನು ಹಿತ್ತಲಲ್ಲಿ ಮೂರು ಕಲ್ಲಿನ ಮೇಲೆ ಇಟ್ಟು ಕಾಸುವುದು. ಗಾಳಿ ಬೀಸಿದರೆ ಉರಿಯೆಲ್ಲ ಪಕ್ಕದ ಮನೆಗೆ, ಹೊಗೆಯೆಲ್ಲ ನಮಗೆ.

ನಮ್ಮವರು ಮೊದಲು ಒಂದು ಉಪಾಯ ತಂದರು. ವಾಡಿಯಲ್ಲಿ ಎಂಜಿನ್ನಿನ ಬೂದಿಯಿಂದ ಆರಿಸಿದ ಅರೆಸುಟ್ಟ ಕಲ್ಲಿದ್ದಲು ಸಿಗುತ್ತಿತ್ತು. ಅದನ್ನು ಶೇಗಡಿಯಲ್ಲಿ, ಅಂದರೆ ಅಗ್ಗಿಷ್ಟಿಕೆಯಲ್ಲಿ, ಹಾಕಿ ಕೋಣೆಯಲ್ಲಿಟ್ಟರೆ ಕೆಲಸ ಮುಗಿಯಿತು ಎಂದರು. ಇಟ್ಟು ನೋಡಿದೆವು. ಬೆಚ್ಚಗಾಯಿತು ನಿಜ, ಆದರೆ ಬಾಗಿಲು ಮುಚ್ಚಿಕೊಂಡು ಕೂತಿದ್ದ ನಾದಿನಿ ತಲೆ ಹಿಡಿದುಕೊಂಡಳು. ಪಕ್ಕದ ಮನೆಯ ಖಾಲಾ, ಟಾಂಗಾ ಹೊಡೆಯುವವರ ಹೆಂಡತಿ, ಮಜ್ಜಿಗೆ ಕೇಳಲು ಬಂದವಳು ವಾಸನೆ ಹಿಡಿದವಳೇ ಬಾಗಿಲು ತಳ್ಳಿ ಶೇಗಡಿಯನ್ನು ಅಂಗಳಕ್ಕೆ ಎಳೆದು ಹಾಕಿದಳು. "ಅರೆ ಬೇಟಿ, ಇದು ಪತ್ಥರ್ ಕಾ ಕೋಯ್ಲಾ! ಬಂದ್ ಖೋಲ್ಯಾಗ ಇಟ್ರ ಮಲಕ್ಕೊಂಡಾರು ಮಲಕ್ಕೊಂಡಂಗೇ ಹೋಗ್ತಾರ!" ಆ ಉಪಾಯ ಅಲ್ಲಿಗೆ ಮುಗಿಯಿತು.

ಎರಡನೆಯದಕ್ಕೆ ನಮ್ಮವರು ಹೈದರಾಬಾದಿನಿಂದ ತಾಮ್ರದ ಬಂಬ ತರಿಸುವ ಮಾತು ತೆಗೆದರು. ನಡುವೆ ಬೆಂಕಿಯ ಕೊಳವೆ, ಸುತ್ತ ನೀರು, ಕೆಳಗೆ ನಲ್ಲಿ. ಯಾರದೋ ಕ್ವಾರ್ಟರ್ಸಿನಲ್ಲಿ ನೋಡಿಬಂದಿದ್ದರು. ನಾನು ಹೇಳಿದೆ: "ಬಂಬ ನೀರು ಕಾಸ್ತದ, ಖೋಲಿ ಕಾಸೂದಿಲ್ಲ." ಆಮೇಲೆ ಮಾವನವರ ಮುಂದೆ ಸೆರಗು ಸರಿಮಾಡಿಕೊಂಡು ನನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದೆ. ಬಚ್ಚಲಿಗೂ ಬಾಣಂತಿ ಕೋಣೆಗೂ ನಡುವೆ ಇರುವುದು ಒಂದೇ ಗೋಡೆ. ಆ ಗೋಡೆಗೆ ಹೊಂದಿಸಿ ಬಚ್ಚಲಲ್ಲಿ ನೀರೊಲೆ ಕಟ್ಟೋಣ. ಒಲೆಯ ಬಾಯಿ ಹಿತ್ತಲಿಗೆ ಇರಲಿ, ಉರಿ ಹಾಕುವುದು ಹೊರಗಿನಿಂದ. ಹೊಗೆ ನೇರ ಮೇಲೆ ಹೋಗದೆ ಗೋಡೆಯ ಹೊಟ್ಟೆಯೊಳಗೆ ಓರೆಯಾಗಿ ಹಾದು ಮಾಳಿಗೆಯ ಮೇಲೆ ಹೋಗಲಿ. ನೀರೂ ಕಾಯುತ್ತದೆ, ಗೋಡೆಯೂ ಕಾಯುತ್ತದೆ.

ಮಾವನವರು ಎದ್ದು ಹೋಗಿ ಆ ಗೋಡೆಯನ್ನು ಗೆಣ್ಣಿನಿಂದ ಬಡಿದು ನೋಡಿದರು. ಆಮೇಲೆ ಮೀಸೆಯಲ್ಲೇ ನಕ್ಕರು. "ಭಾಳ ಶಾಣ್ಯಾಕಿ ಇದ್ದೀಯವ್ವಾ. ಕಟ್ಟೋಣು."

"ಮಣ್ಣಿಂದು ಕಟ್ಟಬೇಕ್ರಿ ಮಾವಾರ."

"ಮಣ್ಣಿಂದಾ? ಮೇಸ್ತ್ರಿ ಮನ್ಯಾಗ ಕಲ್ಲಿಗೆ ಬರ ಬಂತು ಅಂತ ಊರ ಮಂದಿ ನಗಬೇಕೇನು?"

"ಕಲ್ಲು ಉರಿ ತಡೀತದೇನ್ರಿ?"

"ಅಲ್ಲವ್ವಾ, ಅಡಗಿ ಒಲಿ ಯಾವುದರ ಮ್ಯಾಲ ಕುಂತದ? ಪರಸಿ ಮ್ಯಾಲ ಹೌದಿಲ್ಲೊ? ನಿಮ್ಮತ್ತಿ ಕಾಲದಿಂದ ಉರೀಲಿಕತ್ತದ. ಒಂದು ದಿನಾನಾದ್ರೂ ಸೀಳ್ಯಾದೇನು?"

ಪರಸಿ ಸೀಳಿರಲಿಲ್ಲ ಎಂಬುದು ಖರೆ.

ಅವರು ಖಣಿಯಿಂದ ಒಳ್ಳೆಯ ಪದರದ ಚಪ್ಪಡಿ ತರಿಸಿ, ಅಂಚು ಕೆತ್ತಿ, ಗಚ್ಚು ಹಾಕಿ, ಒಂದು ಕೂದಲೂ ತೂರದ ಹಾಗೆ ನೀರೊಲೆ ಕಟ್ಟಿದರು. ನೋಡಲು ಪೂಜೆಯ ಕಟ್ಟೆಯ ಹಾಗೆ ಇತ್ತು. ಅಷ್ಟು ಛಂದದ ಒಲೆ ಅದಕ್ಕೆ ಮೊದಲು ನಾನು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಅದರ ಮೊದಲ ಉರಿಯನ್ನು ಬೀಗತಿ ಬಂದ ದಿನವೇ ಹಾಕಬೇಕು ಎಂದು ಹಟ ಹಿಡಿದು ಚಿತ್ತಾಪುರಕ್ಕೆ ಹೇಳಿ ಕಳಿಸಿದರು. ಬೀಗತಿ ವಾಡಿಯಲ್ಲಿ ಗಾಡಿ ಬದಲಿಸಿ, ಶಾಲು ಹೊದ್ದುಕೊಂಡು ಬಂದಿಳಿದರು.

ಹಂಡೆ ತುಂಬಿಸಿ ನಾನು ಹಿತ್ತಲಿನಿಂದ ತೊಗರಿಕಟ್ಟಿಗೆ ಹಚ್ಚಿದೆ. ಅದು ಹುರುಪಿನ ಕಟ್ಟಿಗೆ, ಹಚ್ಚಿದ ಕೂಡಲೇ ಭರ್ರನೆ ಏಳುತ್ತದೆ. ಮಾವನವರು ಬಚ್ಚಲ ಬಾಗಿಲಲ್ಲಿ ನಿಂತು ಬೀಗತಿಗೆ ಕಲ್ಲಿನ ಪದರಗಳ ವರ್ಣನೆ ಮಾಡುತ್ತಿದ್ದರು. ಆಗ ಒಳಗೆ ಎಲ್ಲೋ "ಠಣ್" ಎಂದಿತು. ಯಾರೋ ಕೊಡ ಇಟ್ಟರು ಅಂದುಕೊಂಡೆ. ಇನ್ನೊಮ್ಮೆ "ಠಣ್". ಮೂರನೆಯ ಸಲ ಅದು ಠಣ್ ಆಗಿರಲಿಲ್ಲ, ಪಟಾಕಿ. ಕಲ್ಲಿನ ಪದರು ಹಪ್ಪಳದ ಹಾಗೆ ಕಿತ್ತು ಹಿತ್ತಲಿಗೆ ಹಾರಿ ಬಿತ್ತು. ಒಂದು ಬದಿ ಕುಸಿದು ಹಂಡೆ ಓರೆಯಾಯಿತು, ನೀರೆಲ್ಲ ಉರಿಯ ಮೇಲೆ ಸುರಿದು ಬೂದಿ, ಹಬೆ ಎರಡೂ ಒಟ್ಟಿಗೆ ಎದ್ದವು. ಯಾರಿಗೂ ಪೆಟ್ಟಾಗಲಿಲ್ಲ. ಹಬೆ ಇಳಿದಾಗ ಬೀಗತಿಯ ಶಾಲಿನ ತುಂಬ ಬೂದಿ ಚಿಕ್ಕೆಗಳು.

ಅವರು ಶಾಲು ಝಾಡಿಸಿದರು. "ಬೀಗರ, ಬಾಣಂತಿಗೆ ನೀರು ಕಾಸಾವ್ರೋ, ತೋಪು ಹಾರ್ಸಾವ್ರೋ?"

ಮಾವನವರು ಹಿತ್ತಲಿಗೆ ಹೋಗಿ ಕಿತ್ತ ಪದರನ್ನು ಎತ್ತಿಕೊಂಡರು. ನಾನೇ ಮುಂದೆ ಬಂದೆ. "ಅತ್ತಿಯವರ, ಎಳ್ಳಮಾಸಿ ತನಕ ಬಿಡ್ರಿ. ನಾ ಬ್ಯಾರೆ ಕಟ್ತೀನಿ."

"ನೀನಾ?" ಎಂದು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಆತವ್ವಾ. ಎಳ್ಳಮಾಸಿ ಮುಗಿಸಿ ಬರ್ತೀನಿ. ನೀರೂ ಬಿಸಿ ಇರಬೇಕು, ಖೋಲಿನೂ ಬೆಚ್ಚಗಿರಬೇಕು. ಇಲ್ಲಂದ್ರ ಸೊಸೀನ ಕರಕೊಂಡೇ ಹೋಗ್ತೀನಿ. ಆಮ್ಯಾಲ ಅಳೂದು ಕರಿಯೂದು ಬ್ಯಾಡ."

ಅವರದು ಕೆಟ್ಟ ಮನಸ್ಸಲ್ಲ. ಇದನ್ನು ಇಲ್ಲಿ ಹೇಳಬೇಕು. ಅವರ ಮಾತು ಮಾತ್ರ ಒರಟು. ಅವರು ಹೆದರಿದ್ದು ಥಂಡಿಗೆ, ಮತ್ತು ಆ ಹೆದರಿಕೆ ಸುಳ್ಳಾಗಿರಲಿಲ್ಲ.

ಅಂದು ಮಾವನವರು ಊಟ ಬಿಟ್ಟು ಆ ಕಿತ್ತ ಪದರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮರುದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಬಂದು ನಮ್ಮ ಅಡುಗೆ ಒಲೆಯನ್ನೇ ಬಗ್ಗಿ ನೋಡಿದರು. ಒಲೆಯ ಅಡಿಗೆ ಕೈ ಹಾಕಿ ಬೂದಿ ಸರಿಸಿ, ಅದರ ಕೆಳಗಿನ ಮಣ್ಣಿನ ಹಾಸನ್ನು ಬೆರಳಿಂದ ಅಳೆದು, ಅದರ ಕೆಳಗಿನ ಪರಸಿಯನ್ನು ಮುಟ್ಟಿದರು.

"ತಣ್ಣಗದ," ಎಂದರು. "ಇಷ್ಟು ವರ್ಷ ಉರಿ ತಿಂದದ್ದು ಮಣ್ಣು. ನಾ ಶಾಬಾಸ್ ಅಂದದ್ದು ಕಲ್ಲಿಗೆ."

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಯವ್ವಾ, ನಿಮ್ಮೂರಾಗ ಒಲಿಗೆ ಎಂಥಾ ಮಣ್ಣು ಹಾಕ್ತಾರ?"

ಮಾವ ಸೊಸೆಗೆ ಕೆಲಸದ ಮಾತು ಕೇಳುವುದು ನಮ್ಮ ಓಣಿಯಲ್ಲಿ ಇಲ್ಲದ್ದು. ನಾನು ಗಟ್ಟಿಯಾಗಿಯೇ ಹೇಳಿದೆ. ಎರೆಮಣ್ಣು ಬೇಡ, ಒಣಗಿದಾಗ ಅಂಗೈಯಗಲ ಬಾಯಿ ಬಿಡುತ್ತದೆ. ಹೊಳೆದಂಡೆಯ ಮೆಕ್ಕಲು ಬೇಕು, ಅದಕ್ಕೆ ಜೋಳದ ಹೊಟ್ಟು, ಕುದುರೆ ಲದ್ದಿ. ಅವರು ರುಮಾಲು ಸುತ್ತಿಕೊಂಡು ಹೊರಟೇಬಿಟ್ಟರು. ದಂಡೋತಿಯಲ್ಲಿ ಪರಿಚಯದ ಒಕ್ಕಲಿಗರಿದ್ದರು. ಅವರ ಬಂಡಿಯಲ್ಲಿ ಕಾಗಿಣಾ ಹೊಳೆಯ ದಂಡೆಯ ಮಣ್ಣು ಹೇರಿಸಿ, ಅದರ ಮೇಲೆ ತಾವೇ ಕೂತು ಬಂದರು. ಕಲ್ಲಿನ ಊರಿಗೆ ಬಂಡಿಯಲ್ಲಿ ಮಣ್ಣು ಬಂದಿದ್ದನ್ನು ನೋಡಲು ಓಣಿಯೆಲ್ಲ ಬಾಗಿಲಿಗೆ ಬಂತು.

ಲದ್ದಿಯನ್ನು ಖಾಲಾ ಬುಟ್ಟಿಯಲ್ಲಿ ಹೊತ್ತು ತಂದಳು. "ನಮ್ಮ ಕುದುರಿ ದಿನಾ ಟೇಶನ್ನಿಗೆ ಓಡಿ ಓಡಿ ಯಾರಿಂದನೂ ಹೌದು ಅನಿಸಿಕೊಂಡಿಲ್ಲ. ನಿಮ್ಮ ಒಲಿಯಿಂದ ಅದಕ್ಕೂ ಇಜ್ಜತ್ ಬಂತು ನೋಡು." ಮಾವನವರು ಧೋತರ ಮೇಲೆ ಕಟ್ಟಿ ಮಣ್ಣು ತುಳಿಯುತ್ತಿದ್ದರು. ಅವಳು ಅವರನ್ನೂ ಬಿಡಲಿಲ್ಲ. "ಏನ್ರಿ ಮೇಸ್ತ್ರಿ ಸಾಬ್, ಕಲ್ಲು ಬಿಟ್ಟು ಮಣ್ಣು ಹಿಡದ್ರಿ?"

"ಕಲ್ಲೂ ಮಣ್ಣೇ ಅದ ಬೀಬಿ," ಎಂದರು ಅವರು ತುಳಿಯುತ್ತಲೇ. "ಹಟ ಹಿಡದು ಕುಂತಿದ್ದಕ್ಕ ಕಲ್ಲಂತಾರ."

ಬಚ್ಚಲಿಗೂ ಬಾಣಂತಿ ಕೋಣೆಗೂ ನಡುವಿನ ಗೋಡೆಯ ಕಲ್ಲು ಬಿಚ್ಚಿ ಮಣ್ಣಿನ ದಪ್ಪ ಗೋಡೆ ಎಬ್ಬಿಸಿ, ಅದಕ್ಕೆ ಹೊಂದಿಸಿ ನೀರೊಲೆ ಕಟ್ಟಿದೆವು. ಹೊಗೆಯ ದಾರಿಗೆ ಕುಂಬಾರರ ಗಡಿಗೆಗಳ ತಳ ಒಡೆದು, ಒಂದರ ಬಾಯಿ ಇನ್ನೊಂದರ ಹೊಟ್ಟೆಗೆ ಕೂರಿಸಿ, ಗೋಡೆಯೊಳಗೆ ಓರೆಯಾಗಿ ಮಾಳಿಗೆಯವರೆಗೆ ಒಯ್ದೆವು. ಗಡಿಗೆ ಸಾಲಿನ ಬುಡದಲ್ಲಿ, ಹಿತ್ತಲ ಕಡೆಗೆ, ಕೈ ತೂರುವಷ್ಟು ಕಿಂಡಿ ಬಿಟ್ಟು ಮುಚ್ಚಳ ಹಾಕಿದೆ. ಮುಂದೆ ಮಸಿ ತೆಗೆಯಲು. ಮಾವನವರು ನೂಲು ಹಿಡಿದು ಓರೆ ನೋಡುವರು, ನಾನು ಮಣ್ಣು ಮೆತ್ತುವೆನು. ನಾದಿನಿ ಕೂತಲ್ಲಿಂದಲೇ ಹೊಟ್ಟು ಜರಡಿ ಹಿಡಿದು ಕೊಡುತ್ತಿದ್ದಳು.

ಮಣ್ಣಿನ ಕೆಲಸದಲ್ಲಿ ಅವಸರ ಮಾಡಿದವರು ಎರಡು ಸಲ ಕಟ್ಟುತ್ತಾರೆ. ನಾನು ಬರೀ ಸಗಣಿ ಕುಳ್ಳಿನ ಸಣ್ಣ ಬೆಂಕಿ ಇಟ್ಟು ದಿನಾ ಸ್ವಲ್ಪ ಸ್ವಲ್ಪ ಒಣಗಿಸಿದೆ. ಬಿರುಕು ಬಿಟ್ಟಲ್ಲೆಲ್ಲ ನೀರು ಚಿಮುಕಿಸಿ, ತೆಳ್ಳನೆಯ ಮಣ್ಣಿನ ಗಂಜಿ ಬೆರಳಿಂದ ತುಂಬಿದೆ. ಆಮೇಲೆ ಮೊದಲ ಸಲ ದೊಡ್ಡ ಉರಿ ಹಾಕಿದರೆ ಹೊಗೆಯೆಲ್ಲ ಒಲೆಯ ಬಾಯಿಗೇ ಹಿಂದೆ ಬಂತು. ನಮ್ಮವರು ಕಣ್ಣೊರೆಸಿಕೊಳ್ಳುತ್ತ, "ಬಂಬ ತರಸೋಣು ಅಂದಿದ್ದೆ," ಎಂದರು. ನಾನು ಕಿಂಡಿಯ ಮುಚ್ಚಳ ತೆಗೆದೆ. ಗಡಿಗೆಯ ಒಳಗೆ ಕೈ ಹಾಕಿ ನೋಡಿದೆ. ಒಳಗೆ ತಣ್ಣಗೆ, ಹಸಿಹಸಿ. ತಣ್ಣನೆಯ ದಾರಿಯಲ್ಲಿ ಹೊಗೆ ಏಳುವುದಿಲ್ಲ. ಒಂದು ಹಿಡಿ ಒಣ ಹುಲ್ಲು ಹಚ್ಚಿ ಕಿಂಡಿಯೊಳಗೆ ತೂರಿದೆ. ಹುಲ್ಲು ಭಗ್ಗನೆ ಉರಿದು ಮೇಲೆ ಸೆಳೆಯಿತು. ಅದರ ಹಿಂದೆ ಒಲೆಯ ಹೊಗೆಯೂ ದನದ ಹಿಂದೆ ಕರು ಹೋದ ಹಾಗೆ ಹೊರಟುಹೋಯಿತು. ಮಾಳಿಗೆಯ ಮೇಲಿಂದ ಮಾವನವರು ಕೂಗಿದರು: "ಬಂತವ್ವಾ ಬಂತು! ಇಲ್ಲಿ ಹೊಂಟಾದ!"

ಇನ್ನೂ ಒಂದು ತೊಂದರೆ ಉಳಿದಿತ್ತು. ಬಾಣಂತಿ ಕೋಣೆಯಲ್ಲಿ ಸಣ್ಣಗೆ ಹೊಗೆಯ ವಾಸನೆ ಬರುತ್ತಿತ್ತು, ಎಲ್ಲಿಂದ ಎಂದು ಕಾಣುತ್ತಿರಲಿಲ್ಲ. ಇದನ್ನು ಬಿಡುವ ಹಾಗಿರಲಿಲ್ಲ. ಹಸುಗೂಸಿನ ಮೂಗು ನಮ್ಮ ಮೂಗಲ್ಲ. ನಾನು ಗೋಡೆಗೆಲ್ಲ ಸುಣ್ಣದ ನೀರು ಬಳಿದು, ಉರಿ ಹಾಕಿ ಕಾದೆ. ಸುಣ್ಣ ಒಣಗಿ ಗೋಡೆ ಬೆಳ್ಳಗಾಗುವಷ್ಟರಲ್ಲಿ ಮೂಲೆಯಲ್ಲಿ ಒಂದು ಕಡೆ ಕೂದಲೆಳೆಯಷ್ಟು ಕಪ್ಪು ಗೆರೆ ಮೂಡಿತು. ಕಳ್ಳ ಸಿಕ್ಕಿದ. ಅಲ್ಲಿ ಕೆರೆದು, ಎರಡು ಗಡಿಗೆ ಕೂಡುವ ಕಡೆ ಮತ್ತೆ ಮಣ್ಣು ತುಂಬಿದೆ. ಆ ದಿನದಿಂದ ವಾಸನೆ ಇಲ್ಲ.

ಮುಂದೆ ಎಷ್ಟೋ ವರ್ಷ ಆ ಒಲೆಯನ್ನು ನಾನೇ ನೋಡಿಕೊಂಡೆ. ಅಮಾವಾಸ್ಯೆಗೊಮ್ಮೆ ಬಿದಿರಿಗೆ ಚಿಂದಿ ಕಟ್ಟಿ ಮಸಿ ತೆಗೆಯುವುದು, ಸೋಮವಾರ ಸಾರಿಸುವುದು. ನಮ್ಮೂರ ನೀರೂ ಕಲ್ಲಿನದೇ ಮಗಳು, ಹಂಡೆಯ ಒಳಗೆ ಬಿಳಿ ಚಕ್ಕೆ ಕಟ್ಟುತ್ತದೆ. ಅದು ದಪ್ಪವಾದರೆ ಎಷ್ಟು ಉರಿ ಹಾಕಿದರೂ ನೀರು ಬೇಗ ಕಾಯದು. ಹುಣಸೆಹಣ್ಣಿನ ನೀರು ಹಾಕಿ ನೆನೆಸಿ, ತಿಕ್ಕಿ ತೆಗೆಯುತ್ತಿದ್ದೆ. ಇವೆಲ್ಲ ಯಾರೂ ಹೊಗಳದ ಕೆಲಸಗಳು. ನನಗೆ ಮಾತ್ರ ಪ್ರತಿ ಸಲವೂ ಹೆಮ್ಮೆ.

ಎಳ್ಳಮಾಸಿಗೆ, ಮಾರ್ಗಶಿರದ ಆ ಎಳ್ಳು ಅಮಾವಾಸ್ಯೆಗೆ, ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲಿ ಬಂದೆವು. ಅದಾದ ಮೇಲೆ ಬೀಗತಿ ಹೇಳಿದಂತೆ ಬಂದರು, ಬುತ್ತಿಯಲ್ಲಿ ಸಜ್ಜೆ ಕಡುಬು ಕಟ್ಟಿಕೊಂಡು. ಬೆಳಗಿನ ಚಳಿಗಾಳಿ ಹಲ್ಲು ಕಡಿಸುತ್ತಿತ್ತು. ಒಳಗೆ ಬಂದವರೇ ಮಾವನವರಿಗೆ, "ಬೀಗರ, ದೂರ ನಿಂದರ್ಲೇನು?" ಎಂದರು.

"ಹತ್ರ ಬರ್ರಿ. ಈ ಸಲ ಕಟ್ಟಿದಾಕಿ ನನ್ನ ಸೊಸಿ," ಎಂದರು ಮಾವನವರು.

ಹೊರಗಿನವರ ಎದುರಿಗೆ ಅವರು ಹಾಗೆ ಹೇಳಿದ್ದು ಅದೇ ಮೊದಲು. ನಾನು ಹಿತ್ತಲಿಗೆ ಹೋಗಿ ಇನ್ನೆರಡು ಜಾಲಿ ಕೊರಡು ಒಲೆಗೆ ತಳ್ಳಿದೆ.

"ಬಾಣಂತಿಗೆ ಎರಿಯೂದು ಆಮ್ಯಾಲ," ಎಂದರು ಬೀಗತಿ. "ಮೊದಲ ನಾ ಎರಕೋತೀನಿ. ನೀರು ಸಾಲ್ತಾವೋ ಇಲ್ಲೋ ನನಗ ತಿಳೀತದ." ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ನೀರು ಸುರಿದ ಸದ್ದು ಬಂತು, ಮತ್ತೆ ಬಂತು, ನಿಲ್ಲಲೇ ಇಲ್ಲ. ನಾನು ಹೊರಗಿನಿಂದ, "ಇನ್ನಷ್ಟು ತಣ್ಣೀರು ಹಂಡ್ಯಾಗ ಹಾಕ್ಕೋರಿ, ಲಗೂ ಕಾಯ್ತಾವ," ಎಂದೆ. ಅವರು ಹಾಕಿಕೊಂಡರು, ಅದೂ ಕಾಯಿತು. ಕೊನೆಗೆ ಒಳಗಿನಿಂದಲೇ ದನಿ ಬಂತು: "ಸಾಕವ್ವಾ, ಉರಿ ತಗಿ. ನನ್ನ ಕೈ ಸೋತ್ವು, ನಿನ್ನ ನೀರು ಸೋಲವಲ್ವು."

ತೋಯ್ದ ಕೂದಲಲ್ಲೇ ಅವರು ಬಾಣಂತಿ ಕೋಣೆಗೆ ಹೋಗಿ, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತರು. ಚಳಿಗಾಲದ ಪೂಜೆ ಎಂಥದು ಎಂದು ನಮ್ಮ ಮಂದಿಗೆಲ್ಲ ಗೊತ್ತು. ಹಲ್ಲು ಬಡಿಯುವ ಮೊದಲೇ ಮುಗಿಸಿ ಶಾಲು ಹೊದೆಯುವುದು. ನಾವು ಎಡೆ ಮಾಡಿ ಕಾದೆವು. ಜೋಳದ ರೊಟ್ಟಿ ಬಿರುಸಾಯಿತು, ಪುಂಡಿಪಲ್ಯೆ ಆರಿತು, ಬೀಗತಿ ಏಳಲಿಲ್ಲ. ನಾದಿನಿ ನನ್ನ ಕೈ ಹಿಡಿದುಕೊಂಡು ನಿಂತಿದ್ದಳು. ಇಣುಕಿ ನೋಡಿದರೆ ಅವರು ಬೆನ್ನನ್ನು ಗೋಡೆಗೆ ಪೂರ್ತಿ ಹಚ್ಚಿ, ಕಣ್ಣು ಮುಚ್ಚಿ, ಶಾಲನ್ನು ಮಡಚಿ ಪಕ್ಕಕ್ಕಿಟ್ಟು ಕೂತಿದ್ದರು. ಕೂದಲು ಅರ್ಧ ಒಣಗಿತ್ತು.

ಪೂಜೆ ಮುಗಿಸಿ ಲಿಂಗವನ್ನು ವಸ್ತ್ರದಲ್ಲಿ ಕಟ್ಟಿಕೊಂಡರು. ಗೋಡೆಯನ್ನು ಅಂಗೈಯಿಂದ ಮೇಲಿಂದ ಕೆಳಗೆ ಸವರಿದರು, ಮೂಲೆಯನ್ನು ಮೂಸಿ ನೋಡಿದರು. ನಂತರ ಮಾಳಿಗೆಯ ತೊಲೆಯ ಕಡೆ ಮುಖ ಎತ್ತಿ, ನಮ್ಮಲ್ಲಿ ಯಾರನ್ನೂ ನೋಡದೆ ಕೇಳಿದರು:

"ತೊಟ್ಟಲಾ ಎಲ್ಲಿ ಕಟ್ಟಾವ್ರು?"

ಮಾವನವರು ದಡಬಡಿಸಿ ಒಳಗೆ ಬಂದರು. "ಇಲ್ಲಿರಿ, ಈ ತೊಲಿಗೆ."

"ಗ್ವಾಡಿಗೆ ಭಾಳ ಸನೀ ಆತು. ಕೂಸು ಕುದ್ದೀತು. ಇತ್ಲಾಗ ಸರಸ್ರಿ." ಅವರೇ ಬೆರಳು ಮಾಡಿ ಜಾಗ ತೋರಿಸಿದರು. "ಮತ್ತ ನಾ ಹೆರಿಗಿಗೆ ಮೊದಲೇ ಬರ್ತೀನಿ. ನನಗೂ ಈ ಗ್ವಾಡಿ ಸನ್ಯಾಗ ಒಂದು ಹಾಸಿಗಿ ಹಾಕ್ರಿ."

ಊಟಕ್ಕೆ ಕೂತಾಗ ಅವರು ಆರಿದ ಪಲ್ಯೆಯನ್ನೇ ಎರಡು ಸಲ ಹಾಕಿಸಿಕೊಂಡರು. ನಾನು ರೊಟ್ಟಿ ಬಡಿಸುತ್ತಿದ್ದೆ. ನಾದಿನಿ ಹಿಂದಿನಿಂದ ಬಂದು ನನ್ನ ಹೆಗಲ ಮೇಲೆ ಗಲ್ಲವಿಟ್ಟಳು.

"ವೈನಿ, ನನಗೂ ಎರೀರಿ."

ಕೈ ತೊಳೆದು ಬಚ್ಚಲಿಗೆ ಹೋಗಿ ಹಂಡೆಯಲ್ಲಿ ಬೆರಳಿಟ್ಟೆ. ಉರಿ ತೆಗೆದು ಅಷ್ಟು ಹೊತ್ತಾಗಿತ್ತು. ನೀರು ಇನ್ನೂ ಸುಡುತ್ತಿತ್ತು.